ಕಡಲಾಚೆಯ ಹಣ, ಕಾಡೊಳಗಿನ ರೋಗಿ

ರೋಗಕ್ಕೆ ಔಷಧವುಂಟು, ಔಷಧವನ್ನು ಕೊಡಬಲ್ಲ ವೈದ್ಯರೂ ಉಂಟು. ಆದರೆ ರೋಗಿಗೂ ವೈದ್ಯನಿಗೂ ನಡುವೆ ಬಿದ್ದಿರುವ ದಾರಿಯೇ ರೋಗಕ್ಕಿಂತ ಕ್ರೂರವಾಗಿ ಪರಿಣಮಿಸುವ ಪ್ರದೇಶಗಳು ಭೂಮಿಯ ಮೇಲೆ ಇಂದಿಗೂ ಕಡಿಮೆಯಿಲ್ಲ. ಪುಣೆಯಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ಮಾತು ತುಸು ಅತಿಶಯವೆಂದು ತೋರಬಹುದು. ಸಸೂನ್, ಕೆ.ಇ.ಎಂ., ಜಹಾಂಗೀರ್, ರೂಬಿ ಹಾಲ್ ಮುಂತಾದ ಆಸ್ಪತ್ರೆಗಳ ಹೆಸರುಗಳು ಇಲ್ಲಿ ಬಸ್ ನಿಲ್ದಾಣಗಳ ಹೆಸರಿನಷ್ಟೇ ಪರಿಚಿತವಾದವು. ಆದರೆ ಇಲ್ಲಿಂದ ಬೆಂಗಳೂರಿಗೆ ಹೋಗುವ ರೈಲು ಬೆಳಗಾವಿಯನ್ನು ದಾಟಿ ಖಾನಾಪುರ, ಲೋಂಡಾಗಳ ಕಾಡನ್ನು ಹೊಕ್ಕಾಗ, ಕಿಟಕಿಯ ಹೊರಗೆ ಕಾಣುವ ಆ ದಟ್ಟ ಹಸಿರಿನ ಒಳಗೆ ಮಳೆಗಾಲದಲ್ಲಿ ರೋಗಿಯನ್ನು ಹೆಗಲ ಮೇಲೆ ಹೊತ್ತು ಹಳ್ಳ ದಾಟಿಸಬೇಕಾದ ಊರುಗಳಿವೆ ಎಂಬುದನ್ನು ಪ್ರಯಾಣಿಕರಲ್ಲಿ ಎಷ್ಟು ಜನ ಬಲ್ಲರು?

ಇಂಥ ಊರುಗಳಿಗೆ ವೈದ್ಯವನ್ನು ಒಯ್ಯುವ ಕೆಲಸ ಎಲ್ಲಿ ನಡೆದಿದೆಯೋ ಅಲ್ಲೆಲ್ಲ ಒಂದು ಪ್ರಶ್ನೆ ಎದ್ದಿದೆ. ಅದು ವೈದ್ಯಶಾಸ್ತ್ರದ ಪ್ರಶ್ನೆಯಲ್ಲ, ಹಣದ ಪ್ರಶ್ನೆ. ದೂರದ ರೋಗಿಯ ಬಳಿಗೆ ಹೋಗುವ ವೆಚ್ಚವನ್ನು ಆ ರೋಗಿ ಎಂದಿಗೂ ಭರಿಸಲಾರ. ಸರ್ಕಾರ ಎಲ್ಲೆಡೆಯೂ ಭರಿಸಿಲ್ಲ. ಹಾಗಾದರೆ ಯಾರು ಭರಿಸಿದರು? ಅನೇಕ ಕಡೆ, ಆ ರೋಗಿಯನ್ನು ಎಂದೂ ಕಾಣದ, ಕಡಲಾಚೆಯ ಜನ.

ಇದಕ್ಕೆ ಜಗತ್ತಿನಲ್ಲಿ ಬಹು ಪ್ರಸಿದ್ಧವಾದ ಉದಾಹರಣೆ ಆಸ್ಟ್ರೇಲಿಯಾದ ಹಾರುವ ವೈದ್ಯರ ಸೇವೆ. ಅದರ ಹಿನ್ನೆಲೆಯಲ್ಲಿ 1917ರ ಒಂದು ದಾರುಣ ಪ್ರಸಂಗವಿದೆ. ಪಶ್ಚಿಮ ಆಸ್ಟ್ರೇಲಿಯಾದ ಹಾಲ್ಸ್ ಕ್ರೀಕ್ ಎಂಬ ಒಂಟಿ ಊರಿನಲ್ಲಿ ಜಿಮ್ಮಿ ಡಾರ್ಸಿ ಎಂಬ ದನಗಾಹಿ ಯುವಕ ತೀವ್ರವಾಗಿ ಗಾಯಗೊಂಡ. ಸುತ್ತ ನೂರಾರು ಮೈಲಿಗಳಲ್ಲಿ ವೈದ್ಯರಿರಲಿಲ್ಲ. ಊರಿನ ಪೋಸ್ಟ್‌ಮಾಸ್ಟರನು ಪರ್ತ್ ನಗರದ ವೈದ್ಯರೊಬ್ಬರಿಗೆ ತಂತಿ ಕಳಿಸಿದ; ವೈದ್ಯರು ತಂತಿಯಲ್ಲಿಯೇ ಹೇಳುತ್ತ ಹೋದಂತೆ, ಶಸ್ತ್ರವೈದ್ಯದ ಗಂಧವೂ ಇಲ್ಲದ ಆತ ತನ್ನ ಜೇಬಿನ ಚಾಕುವಿನಿಂದಲೇ ಶಸ್ತ್ರಕ್ರಿಯೆ ನಡೆಸಿದ. ಬಳಿಕ ಆ ವೈದ್ಯರು ದನ ಸಾಗಿಸುವ ಹಡಗು ಹತ್ತಿ, ಆಮೇಲೆ ಮೋಟಾರಿನಲ್ಲಿ, ಕೊನೆಗೆ ಕುದುರೆಗಾಡಿಯಲ್ಲಿ, ಹಲವು ದಿನಗಳ ಪ್ರಯಾಣ ಮಾಡಿ ಊರು ಮುಟ್ಟಿದರು. ಡಾರ್ಸಿ ಅದರ ಹಿಂದಿನ ದಿನ ತೀರಿಕೊಂಡಿದ್ದ.

ಆ ದೇಶದ ಒಳನಾಡಿನಲ್ಲಿ ಧರ್ಮಸೇವೆ ಮಾಡುತ್ತಿದ್ದ ಪಾದ್ರಿ ಜಾನ್ ಫ್ಲಿನ್ ಅವರಿಗೆ ಅದೇ ವರ್ಷ ಕ್ಲಿಫರ್ಡ್ ಪೀಲ್ ಎಂಬ ವೈದ್ಯವಿದ್ಯಾರ್ಥಿಯಿಂದ ಒಂದು ಪತ್ರ ಬಂದಿತು. ಒಳನಾಡಿಗೆ ವೈದ್ಯನನ್ನು ವಿಮಾನದಲ್ಲಿ ಕಳಿಸಬಹುದೆಂದೂ ಅದಕ್ಕೆ ಏನೇನು ಬೇಕೆಂದೂ ಆ ಯುವಕ ಅದರಲ್ಲಿ ವಿವರಿಸಿದ್ದ. ಪೀಲ್ ಮರುವರ್ಷವೇ ಮಹಾಯುದ್ಧದಲ್ಲಿ ವಿಮಾನಚಾಲಕನಾಗಿ ಮಡಿದ. ಫ್ಲಿನ್ ಅವರು ಆ ಪತ್ರವನ್ನು ತಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕಿಸಿ, ಹತ್ತು ವರ್ಷ ಹಣಕ್ಕಾಗಿ ಅಲೆದರು. ಕಟಾವು ಯಂತ್ರಗಳ ತಯಾರಕರಾಗಿ ಶ್ರೀಮಂತರಾಗಿದ್ದ ಎಚ್. ವಿ. ಮೆಕೇ ಅವರು 1926ರಲ್ಲಿ ತೀರಿಕೊಂಡಾಗ ತಮ್ಮ ಉಯಿಲಿನ ಮೂಲಕ ಈ ಕೆಲಸಕ್ಕೆ 2,000 ಪೌಂಡುಗಳನ್ನು ಬಿಟ್ಟುಹೋಗಿದ್ದರು. 1928ರ ಮೇ 17ರಂದು ಕ್ವೀನ್ಸ್‌ಲ್ಯಾಂಡಿನ ಕ್ಲಾಂಕರಿ ಎಂಬಲ್ಲಿಂದ ಮೊದಲ ವಿಮಾನ ಹೊರಟಿತು. ಕ್ವಾಂಟಾಸ್ ಕಂಪನಿಯಿಂದ ಬಾಡಿಗೆಗೆ ಪಡೆದ ವಿಮಾನ, ಆರ್ಥರ್ ಆಫ್ಲೆಕ್ ಚಾಲಕರು, ಡಾ. ಸೇಂಟ್ ವಿನ್ಸೆಂಟ್ ವೆಲ್ಚ್ ವೈದ್ಯರು. ಮೊದಲ ವರ್ಷದಲ್ಲಿಯೇ 50 ಬಾರಿ ಹಾರಾಟ ನಡೆದು ಸುಮಾರು 20,000 ಮೈಲಿಗಳನ್ನು ಕ್ರಮಿಸಲಾಯಿತು.

ವಿಮಾನ ಬಂದರೂ ವಿಮಾನವನ್ನು ಕರೆಯುವುದು ಹೇಗೆ? ವಿದ್ಯುತ್ತಿಲ್ಲದ ಮನೆಯಲ್ಲಿ ರೇಡಿಯೋ ನಡೆಯದು. 1929ರಲ್ಲಿ ಆಲ್ಫ್ರೆಡ್ ಟ್ರೇಗರ್ ಎಂಬ ತಂತ್ರಜ್ಞರು ಸೈಕಲ್ಲಿನ ಪೆಡಲಿನಂತೆ ಕಾಲಿನಿಂದ ತುಳಿದು ವಿದ್ಯುತ್ ಹುಟ್ಟಿಸುವ ರೇಡಿಯೋವನ್ನು ಬಳಕೆಗೆ ತಂದರು. ವಿಮಾನದ ಚಿತ್ರವನ್ನು ಎಲ್ಲರೂ ನೆನಪಿಡುತ್ತಾರೆ. ಸೇವೆ ನಿಂತದ್ದು ನಿಜಕ್ಕೂ ಈ ತುಳಿಯುವ ರೇಡಿಯೋದ ಮೇಲೆ. ಇಂದು ರಾಯಲ್ ಫ್ಲೈಯಿಂಗ್ ಡಾಕ್ಟರ್ ಸರ್ವಿಸ್ ಎಂಬ ಹೆಸರಿನ ಆ ಸಂಸ್ಥೆಯ ದಿನನಿತ್ಯದ ವೆಚ್ಚಕ್ಕೆ ಅಲ್ಲಿನ ಸರ್ಕಾರಗಳ ಹಣ ದೊಡ್ಡ ಆಸರೆ. ವಿಮಾನಗಳನ್ನು ಕೊಳ್ಳುವುದಕ್ಕೂ ಅವುಗಳೊಳಗೆ ಚಿಕಿತ್ಸಾ ಸಾಧನಗಳನ್ನು ಅಳವಡಿಸುವುದಕ್ಕೂ ಜನರ ದಾನವೇ ಬೇಕು. ಈ ಹಂಚಿಕೆಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ನಮ್ಮ ನಾಡಿನ ಮಾತು ಬಂದಾಗ ಇದರ ತಿರುವುಮುರುವಾದ ಪರಿಸ್ಥಿತಿಯನ್ನು ಕಾಣಬೇಕಾಗುತ್ತದೆ.

ಪೂರ್ವ ಆಫ್ರಿಕದಲ್ಲಿ 1957ರಲ್ಲಿ ಮೂವರು ಶಸ್ತ್ರವೈದ್ಯರು ಸೇರಿ ಆಮ್ರೆಫ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು: ಮೈಕೇಲ್ ವುಡ್, ಆರ್ಚಿಬಾಲ್ಡ್ ಮೆಕಿಂಡೋ, ಟಾಮ್ ರೀಸ್. ಅಲ್ಲಿನ ಹಾರುವ ವೈದ್ಯರಿಗೆ ಯೂರೋಪು, ಅಮೆರಿಕಗಳ ದಾನಿಗಳು ಹಣ ಒದಗಿಸಿದರು. ಕಾಲಕ್ರಮದಲ್ಲಿ ಕಾಡು ನೋಡಲು ಬರುವ ಪ್ರವಾಸಿಗಳಿಗೆ ಸದಸ್ಯತ್ವವನ್ನು ಮಾರಿ, ಹಣ ಕೊಡಬಲ್ಲವರಿಂದ ಶುಲ್ಕ ಪಡೆದು, ಆ ಸಂಸ್ಥೆ ತನ್ನ ವಿಮಾನಗಳ ಖರ್ಚನ್ನು ತಾನೇ ದುಡಿದುಕೊಳ್ಳುವ ದಾರಿಯನ್ನು ಕಂಡುಕೊಂಡಿತು. ವಾಣಿಜ್ಯಶಾಸ್ತ್ರ ಓದಿದವರಿಗೆ ಇದು ಮೆಚ್ಚಿಕೆಯಾಗುವ ವಿಷಯ.

ನಮ್ಮ ದೇಶದಲ್ಲಿ ಆಕಾಶಮಾರ್ಗದ ವೈದ್ಯಸೇವೆ ಇಲ್ಲವೇ ಇಲ್ಲವೆನ್ನುವಂತಿಲ್ಲ. ಲಕ್ಷದ್ವೀಪದ ರೋಗಿಗಳನ್ನು ಹೆಲಿಕಾಪ್ಟರಿನಲ್ಲಿ ಕೊಚ್ಚಿಗೆ ತರುವುದುಂಟು. ಹೃಷೀಕೇಶದ ಏಮ್ಸ್ ಆಸ್ಪತ್ರೆಗೆ 2024ರ ಅಕ್ಟೋಬರಿನಲ್ಲಿ ಸರ್ಕಾರದ ವತಿಯಿಂದ ಹೆಲಿಕಾಪ್ಟರ್ ಆಂಬುಲೆನ್ಸ್ ದೊರಕಿತು. 2025ರ ಮೇ ತಿಂಗಳಲ್ಲಿ ಕೇದಾರನಾಥದಲ್ಲಿ ಇಳಿಯುವಾಗ ಅದು ಅಪಘಾತಕ್ಕೀಡಾಯಿತು, ಒಳಗಿದ್ದವರಿಗೆ ಪ್ರಾಣಾಪಾಯವಾಗಲಿಲ್ಲ. ತೆಲಂಗಾಣದ ವಿಕಾರಾಬಾದಿನಲ್ಲಿ 2021ರ ಸೆಪ್ಟೆಂಬರಿನಲ್ಲಿ ಡ್ರೋನ್ ಮೂಲಕ ಲಸಿಕೆ, ಔಷಧಗಳನ್ನು ಕಳಿಸುವ ಪ್ರಯೋಗ ಆರಂಭವಾಯಿತು. ಬೆಂಗಳೂರು, ಮುಂಬಯಿಗಳಿಂದ ಬಾಡಿಗೆಗೆ ದೊರೆಯುವ ವಿಮಾನ ಆಂಬುಲೆನ್ಸುಗಳಿವೆ, ಆದರೆ ಅವು ಲಕ್ಷಗಟ್ಟಲೆ ತೆರಬಲ್ಲವರಿಗೆ. ಕಾಡಿನ ಬಡರೋಗಿಯ ಪಾಲಿಗೆ ಆಸ್ಟ್ರೇಲಿಯಾದ ವಿಮಾನದ ಸ್ಥಾನದಲ್ಲಿ ನಮ್ಮಲ್ಲಿ ನಿಂತಿರುವುದು ಜೀಪು. ಹಾಡಿಯ ಪಕ್ಕದಲ್ಲಿ ವಿಮಾನ ಇಳಿಯುವ ಬಯಲಿಲ್ಲ, ದೂರವೂ ಆಸ್ಟ್ರೇಲಿಯಾದಷ್ಟಿಲ್ಲ. ಮೂವತ್ತು ನಲವತ್ತು ಕಿಲೋಮೀಟರುಗಳ ಕೆಟ್ಟ ದಾರಿಯೇ ಇಲ್ಲಿಯ ಮರುಭೂಮಿ.

ಕಡಲಾಚೆಯ ಹಣದಿಂದ ಕಟ್ಟಿದ ಆಸ್ಪತ್ರೆ ಎಂದೊಡನೆ ಪುಣೆಯ ಕನ್ನಡಿಗರಿಗೆ ಮೊದಲು ನೆನಪಾಗಬೇಕಾದುದು ಮೀರಜ. ಕೆನಡಾದಲ್ಲಿ ಹುಟ್ಟಿದ ಡಾ. ವಿಲಿಯಂ ವಾನ್‌ಲೆಸ್ ಅವರು 1889ರಲ್ಲಿ ಭಾರತಕ್ಕೆ ಬಂದು, 1894ರಲ್ಲಿ ಮೀರಜದಲ್ಲಿ ಆಸ್ಪತ್ರೆಯನ್ನು ತೆರೆದರು. ಅಮೆರಿಕದ ಪ್ರೆಸ್ಬಿಟೀರಿಯನ್ ಸಭೆಯ ಭಕ್ತರ ಕಾಣಿಕೆ ಅದರ ಬೆನ್ನಿಗಿತ್ತು. ರೈಲು ಜಂಕ್ಷನ್ನಿನ ಊರಾದ್ದರಿಂದ ಬೆಳಗಾವಿ, ಬಿಜಾಪುರ, ಧಾರವಾಡ ಸೀಮೆಗಳ ರೋಗಿಗಳು ಅಲ್ಲಿಗೆ ಹರಿದುಬಂದರು. ಕಣ್ಣಿನ ಪೊರೆ ತೆಗೆಸಲು, ಗಡ್ಡೆ ತೆಗೆಸಲು ‘ಮೀರಜಕ್ಕೆ ಒಯ್ಯಬೇಕು’ ಎನ್ನುವ ಮಾತು ಉತ್ತರ ಕರ್ನಾಟಕದ ಹಿರಿಯರ ಬಾಯಲ್ಲಿ ಬಹುಕಾಲ ನಿಂತಿತ್ತು. ಆ ಹಣದ ಹಿಂದೆ ಧರ್ಮಪ್ರಚಾರದ ಉದ್ದೇಶವೂ ಇತ್ತೆಂಬುದು ನಿಜ. ಅದರಿಂದ ಎಷ್ಟೋ ಮನೆಗಳಲ್ಲಿ ಬೆಳಕು ಉಳಿಯಿತೆಂಬುದೂ ಅಷ್ಟೇ ನಿಜ. ವಿದೇಶದ ದಾನವನ್ನು ಕುರಿತ ನಮ್ಮ ದೇಶದ ಸಂದೇಹ, ಕೃತಜ್ಞತೆ ಎರಡಕ್ಕೂ ಬೇರು ಇಲ್ಲಿಯೇ ಇದೆ.

ಮಹಾರಾಷ್ಟ್ರದ ಇನ್ನೊಂದು ತುದಿಯಲ್ಲಿರುವ ಹೇಮಲಕಸಾ ಇದಕ್ಕಿಂತ ಭಿನ್ನ. ಗಡಚಿರೋಲಿ ಜಿಲ್ಲೆಯ ಭಾಮರಾಗಡದ ಬಳಿ, ಮೂರು ನದಿಗಳು ಕೂಡುವ ಕಾಡಿನಲ್ಲಿ, ಮಾಡಿಯಾ ಗೋಂಡರ ನಡುವೆ ಬಾಬಾ ಆಮ್ಟೆ ಅವರು 1973ರ ಡಿಸೆಂಬರಿನಲ್ಲಿ ಲೋಕ ಬಿರಾದರಿ ಪ್ರಕಲ್ಪವನ್ನು ಆರಂಭಿಸಿದರು. ಮಳೆಗಾಲದಲ್ಲಿ ಆ ಪ್ರದೇಶ ಹೊರಜಗತ್ತಿನಿಂದ ಕಡಿದುಹೋಗುತ್ತಿತ್ತು. ಡಾ. ಪ್ರಕಾಶ ಆಮ್ಟೆ, ಡಾ. ಮಂದಾಕಿನಿ ಆಮ್ಟೆ ದಂಪತಿಗಳು ಮೊದಲು ಮರದಡಿಯಲ್ಲಿ, ಗುಡಿಸಲಿನಲ್ಲಿ ಚಿಕಿತ್ಸೆ ನೀಡಿದರು. 1975ರಲ್ಲಿ ಸ್ವಿಟ್ಜರ್ಲೆಂಡಿನ ಸ್ವಿಸ್‌ಏಡ್ ಸಂಸ್ಥೆಯ ನೆರವಿನಿಂದ ಅಲ್ಲಿ ಪುಟ್ಟ ಆಸ್ಪತ್ರೆ ಎದ್ದಿತು. ಆ ದಂಪತಿಗಳಿಗೆ 2008ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದ ಬಳಿಕ ಪುಣೆಯ ಮನೆಮನೆಗೂ ಆ ಹೆಸರು ತಿಳಿಯಿತು. ಆದರೆ ಗೋಡೆ ಎಬ್ಬಿಸಿದ ಮೊದಲ ಹಣ ಬಂದದ್ದು ಪ್ರಶಸ್ತಿಗಿಂತ 33 ವರ್ಷ ಮುಂಚೆ.

ಕರ್ನಾಟಕದಲ್ಲಿ ಇದಕ್ಕೆ ಸಮನಾದ ಎರಡು ಸ್ಥಳಗಳನ್ನು ಹೆಸರಿಸಬಹುದು. ಒಂದು ಬಿಳಿಗಿರಿರಂಗನ ಬೆಟ್ಟ. ಬೆಂಗಳೂರಿನಲ್ಲಿ ವೈದ್ಯಪದವಿ ಪಡೆದ ಡಾ. ಎಚ್. ಸುದರ್ಶನ್ ಅವರು ಸೋಲಿಗರ ಪೋಡುಗಳ ನಡುವೆ ನೆಲೆನಿಂತು, 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದರು. ಪೋಡಿನಿಂದ ಪೋಡಿಗೆ ನಡೆದುಹೋಗಿ ಚಿಕಿತ್ಸೆ ಮಾಡುವುದೇ ಆರಂಭದ ಕ್ರಮವಾಗಿತ್ತು. ಯಳಂದೂರು ತಾಲ್ಲೂಕಿನ ಕುಷ್ಠರೋಗವನ್ನು ತಡೆಯಲೆಂದು 1986ರಲ್ಲಿ ಕರುಣಾ ಟ್ರಸ್ಟ್ ಹುಟ್ಟಿತು. 1994ರಲ್ಲಿ ಸ್ವೀಡನ್ನಿನ ರೈಟ್ ಲೈವ್ಲಿಹುಡ್ ಪ್ರಶಸ್ತಿ ಈ ಕೆಲಸಕ್ಕೆ ಸಂದಿತು. ಎರಡನೆಯದು ಹೆಗ್ಗಡದೇವನಕೋಟೆ. ಕಬಿನಿ ಜಲಾಶಯದಿಂದಲೂ ಅಭಯಾರಣ್ಯದಿಂದಲೂ ನೆಲೆ ತಪ್ಪಿದ ಜೇನುಕುರುಬ, ಕಾಡುಕುರುಬರ ಹಾಡಿಗಳಲ್ಲಿ, ಡಾ. ಆರ್. ಬಾಲಸುಬ್ರಹ್ಮಣ್ಯಂ ಅವರೂ ಮೈಸೂರು ಮೆಡಿಕಲ್ ಕಾಲೇಜಿನ ಅವರ ಸಂಗಡಿಗರೂ 1984ರಲ್ಲಿ ಸ್ಥಾಪಿಸಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕೆಲಸ ಮಾಡುತ್ತ ಬಂದಿದೆ. ಕೆಂಚನಹಳ್ಳಿ, ಸರಗೂರುಗಳಲ್ಲಿ ಅದರ ಆಸ್ಪತ್ರೆಗಳು ನಿಂತವು. ಹಾಡಿಗಳಿಗೆ ಹೋಗಿಬರುವ ಸಂಚಾರಿ ಘಟಕ ಅವುಗಳ ಕೈಕಾಲು. ಎರಡು ಸಂಸ್ಥೆಗಳಿಗೂ ಊರವರ, ಸರ್ಕಾರದ ಹಣದೊಡನೆ ಪರದೇಶದ ಸ್ನೇಹಿತರ ಹಣವೂ ಸೇರಿದೆ.

ಆ ಜೀಪು ನಿಜವಾಗಿ ಏನನ್ನು ಒಯ್ಯುತ್ತದೆ ಎಂಬುದನ್ನು ಅರಿಯದೆ ಹಣದ ಲೆಕ್ಕ ಅರ್ಥವಾಗದು. ಹಾವಿನ ಕಡಿತವನ್ನೇ ತೆಗೆದುಕೊಳ್ಳೋಣ. 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿತು. ಬಹುಪಾಲು ಹಳ್ಳಿಗಾಡಿನವರು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ಒಂದೇ ಪ್ರತಿವಿಷವನ್ನು ಕೊಡಲಾಗುತ್ತದೆ. ಕುದುರೆಗಳಿಗೆ ವಿಷವನ್ನು ಅತ್ಯಲ್ಪ ಪ್ರಮಾಣದಲ್ಲಿ ಚುಚ್ಚಿ, ಅವುಗಳ ರಕ್ತದಲ್ಲಿ ಹುಟ್ಟಿದ ಪ್ರತಿರೋಧಕ ಅಂಶವನ್ನು ಬೇರ್ಪಡಿಸಿ ಅದನ್ನು ತಯಾರಿಸುತ್ತಾರೆ. ಈ ಕೆಲಸಕ್ಕೆ ಹೆಸರಾದ ಹಾಫ್ಕಿನ್ ಸಂಸ್ಥೆಯ ಕುದುರೆಲಾಯ ಇರುವುದು ನಮ್ಮ ನೆರೆಯ ಪಿಂಪ್ರಿಯಲ್ಲಿಯೇ ಎಂಬುದು ಇಲ್ಲಿಯವರಲ್ಲಿಯೂ ಹಲವರಿಗೆ ತಿಳಿಯದು. ದ್ರವರೂಪದ ಪ್ರತಿವಿಷಕ್ಕೆ ಶೀತಲಪೆಟ್ಟಿಗೆ ಬೇಕು. ಒಣಗಿಸಿ ಪುಡಿಮಾಡಿದ್ದಕ್ಕೆ ಅದರ ಹಂಗಿಲ್ಲ. ಆದ್ದರಿಂದಲೇ ವಿದ್ಯುತ್ ನೆಚ್ಚಲಾಗದ ಕಾಡಿನ ಆಸ್ಪತ್ರೆಗೆ ಆ ಪುಡಿ ದೊಡ್ಡ ವರ.

ಆದರೆ ಸೀಸೆಯೊಂದೇ ಸಾಲದು. ಒಬ್ಬ ರೋಗಿಗೆ ಆರಂಭದಲ್ಲಿಯೇ ಎಂಟು ಹತ್ತು ಸೀಸೆಗಳು ಬೇಕಾಗುತ್ತವೆ; ಅದನ್ನು ನರದ ಮೂಲಕ ಹನಿಹನಿಯಾಗಿ ಕೊಡಬೇಕು; ಕುದುರೆಯ ರಕ್ತದಿಂದ ಬಂದದ್ದಾದ್ದರಿಂದ ಕೆಲವರಿಗೆ ಒಮ್ಮೆಲೇ ರಕ್ತದೊತ್ತಡ ಕುಸಿಯಬಹುದು, ಆಗ ಕೂಡಲೇ ಅಡ್ರಿನಲಿನ್ ಚುಚ್ಚಬಲ್ಲ ಕೈ ಬಳಿಯಲ್ಲಿರಬೇಕು. ನಾಗರ, ಕಟ್ಟುಹಾವುಗಳ ವಿಷ ಉಸಿರಾಟದ ಸ್ನಾಯುಗಳನ್ನು ನಿಲ್ಲಿಸುತ್ತದೆ. ದೊಡ್ಡ ಆಸ್ಪತ್ರೆ ಮುಟ್ಟುವವರೆಗೆ ದಾರಿಯುದ್ದಕ್ಕೂ ಕೈಯಿಂದ ಒತ್ತುವ ಗಾಳಿಚೀಲದಲ್ಲಿ ಉಸಿರು ತುಂಬುತ್ತಲೇ ಇರಬೇಕಾದೀತು. ಅಂದರೆ ಔಷಧದ ಜೊತೆಗೆ ತರಬೇತಾದ ನರ್ಸು, ಚಾಲಕ, ತುಂಬಿದ ಡೀಸೆಲ್ ಟ್ಯಾಂಕು. (ಕಚ್ಚಿದ ಜಾಗವನ್ನು ಕೊಯ್ಯುವುದು, ಹಗ್ಗದಿಂದ ಬಿಗಿಯುವುದು, ಬಾಯಿಂದ ಹೀರುವುದು ಇವೆಲ್ಲ ಅಪಾಯಕರವೆಂದು ವೈದ್ಯರು ಸಾರಿ ಹೇಳುತ್ತಿದ್ದಾರೆ. ಕಚ್ಚಿದ ಅವಯವವನ್ನು ಅಲುಗಾಡಿಸದೆ, ರೋಗಿಯನ್ನು ನಡೆಸದೆ ಸಾಗಿಸುವುದಷ್ಟೇ ಮನೆಯವರ ಕೆಲಸ.)

ಇನ್ನೊಂದು ರೋಗ ಕುಡುಗೋಲು ಕಣದ ರಕ್ತಹೀನತೆ. ಆದಿವಾಸಿಗಳಲ್ಲಿ ಹೆಚ್ಚಾಗಿರುವ, ತಂದೆತಾಯಿಗಳಿಂದ ಮಕ್ಕಳಿಗೆ ಬರುವ ರೋಗವಿದು. ಇದರ ನಿರ್ಮೂಲನಕ್ಕೆ ಕೇಂದ್ರ ಸರ್ಕಾರ 2023ರ ಜುಲೈ 1ರಂದು ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಇಂಥ ರೋಗಿಗೆ ಬೇಕಾದುದು ವೇಗವಲ್ಲ, ತಪ್ಪದ ನಿಯಮ. ಗುಳಿಗೆ ತಿಂಗಳು ತಿಂಗಳು ಕೈಸೇರಬೇಕು. ರಕ್ತಪರೀಕ್ಷೆ ಕಾಲಕಾಲಕ್ಕೆ ಆಗಬೇಕು. ವಿಮಾನ ಎಷ್ಟೇ ಬೇಗ ಹಾರಿದರೂ ಇಲ್ಲಿ ಉಪಯೋಗವಿಲ್ಲ. ಪ್ರತಿ ಮಂಗಳವಾರ ಹಾಡಿಗೆ ಬರುವ ಜೀಪು ಮುಂದಿನ ಮಂಗಳವಾರವೂ ಬರುವುದೇ ಇಲ್ಲಿಯ ಚಿಕಿತ್ಸೆ. ಕರ್ನಾಟಕ ಸರ್ಕಾರ 2008ರ ನವೆಂಬರ್ 1ರಂದು ಆರಂಭಿಸಿದ 108 ಆರೋಗ್ಯ ಕವಚ ಆಂಬುಲೆನ್ಸು ದೊಡ್ಡ ಉಪಕಾರವನ್ನೇ ಮಾಡಿದೆ. ಆದರೆ ಅದು ಕರೆದಾಗ ಬರುವ ಗಾಡಿ, ಕರೆಯದೆ ಬರುವ ಗಾಡಿಯಲ್ಲ.

ಇನ್ನು ಲೆಕ್ಕಕ್ಕೆ ಬರೋಣ. ಒಂದು ಸಂಚಾರಿ ಜೀಪು ದಿನಕ್ಕೆ 60 ಕಿಲೋಮೀಟರಿನಂತೆ ತಿಂಗಳಿಗೆ 25 ದಿನ ಓಡುತ್ತದೆ ಎಂದು ಊಹಿಸಿದರೆ 1,500 ಕಿಲೋಮೀಟರಾಯಿತು. ಲೀಟರಿಗೆ 10 ಕಿಲೋಮೀಟರು ಎಂದರೆ 150 ಲೀಟರು ಡೀಸೆಲ್. ಲೀಟರಿಗೆ 90 ರೂಪಾಯಿಯಂತೆ ಹಿಡಿದರೂ ತಿಂಗಳಿಗೆ 13,500 ರೂ., ವರ್ಷಕ್ಕೆ 1,62,000 ರೂ. ಟಯರು, ದುರಸ್ತಿ, ವಿಮೆ, ಚಾಲಕನ ಸಂಬಳ ಇದರ ಮೇಲೆ. ನಾಲ್ಕೈದು ವರ್ಷಗಳಲ್ಲಿ ಓಡಿಸುವ ವೆಚ್ಚವು ಗಾಡಿಯ ಬೆಲೆಯನ್ನೇ ಮೀರಿಬಿಡುತ್ತದೆ. ಆದರೆ ಜೀಪಿಗೆ ದಾನಿಗಳು ಬೇಗ ಸಿಗುತ್ತಾರೆ, ಡೀಸೆಲ್ಲಿಗೆ ಸಿಗುವುದಿಲ್ಲ. ಜೀಪಿನ ಬಾಗಿಲ ಮೇಲೆ ದಾನಿಯ ಹೆಸರನ್ನು ಬರೆಸಬಹುದು. ಡೀಸೆಲ್ಲಿನ ಮೇಲೆ ಏನನ್ನು ಬರೆಸಲು ಸಾಧ್ಯ? ಬಂಡವಾಳ ವೆಚ್ಚಕ್ಕೆ ಮುಂದೆ ಬರುವ ಕೈ ಚಾಲ್ತಿ ವೆಚ್ಚದ ಮುಂದೆ ಹಿಂದೆ ಸರಿಯುವುದು ಬ್ಯಾಂಕಿನವರಿಗೆ ಹೊಸ ಸಂಗತಿಯಲ್ಲ. ಎಷ್ಟೋ ಆಸ್ಪತ್ರೆಗಳ ಅಂಗಳದಲ್ಲಿ ಹೆಸರು ಬರೆಸಿಕೊಂಡ ಗಾಡಿಗಳು ತುಕ್ಕು ಹಿಡಿದು ನಿಂತಿರುವುದಕ್ಕೆ ಕಾರಣ ಇದೇ. ಆಸ್ಟ್ರೇಲಿಯಾದಲ್ಲಿ ಜನ ವಿಮಾನವನ್ನು ಕೊಡುತ್ತಾರೆ, ಸರ್ಕಾರ ಅದನ್ನು ಓಡಿಸುತ್ತದೆ; ನಮ್ಮಲ್ಲಿ ಜೀಪು ಕೊಟ್ಟವರು ಹೋದ ಬಳಿಕ ಓಡಿಸುವವರನ್ನು ಹುಡುಕಬೇಕು.

ಕಡಲಾಚೆಯಿಂದ ಬರುವ ಹಣಕ್ಕೆ ಇನ್ನೊಂದು ಬಾಗಿಲುಂಟು, ಅದು ಕಾನೂನಿನದು. ವಿದೇಶೀ ವಂತಿಗೆ ನಿಯಂತ್ರಣ ಕಾಯಿದೆ ಮೊದಲು ಬಂದದ್ದು 1976ರಲ್ಲಿ, ತುರ್ತು ಪರಿಸ್ಥಿತಿಯ ಕಾಲದಲ್ಲಿ. ಅದರ ಜಾಗದಲ್ಲಿ 2010ರ ಕಾಯಿದೆ 2011ರ ಮೇ 1ರಿಂದ ಜಾರಿಗೆ ಬಂದಿತು. ವಿದೇಶೀ ಹಣ ಪಡೆಯುವ ಸಂಸ್ಥೆ ಕೇಂದ್ರ ಗೃಹಖಾತೆಯಲ್ಲಿ ನೋಂದಣಿ ಪಡೆಯಬೇಕು. ಐದು ವರ್ಷಕ್ಕೊಮ್ಮೆ ಅದನ್ನು ನವೀಕರಿಸಬೇಕು. ಪ್ರತಿವರ್ಷ ಲೆಕ್ಕದ ತಖ್ತೆಯನ್ನು ಸಲ್ಲಿಸಬೇಕು. 2020ರ ಸೆಪ್ಟೆಂಬರಿನ ತಿದ್ದುಪಡಿ ಇದನ್ನು ಇನ್ನಷ್ಟು ಬಿಗಿಗೊಳಿಸಿತು. ವಿದೇಶದ ಹಣವೆಲ್ಲ ಮೊದಲು ದೆಹಲಿಯಲ್ಲಿರುವ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಜಮೆಯಾಗಬೇಕು. ಆಡಳಿತ ವೆಚ್ಚದ ಮಿತಿ ನೂರಕ್ಕೆ 50ರಿಂದ 20ಕ್ಕೆ ಇಳಿಯಿತು. ಒಂದು ಸಂಸ್ಥೆ ಪಡೆದ ವಿದೇಶೀ ಹಣವನ್ನು ಇನ್ನೊಂದು ಸಂಸ್ಥೆಗೆ ಕೊಡುವುದು ನಿಷಿದ್ಧವಾಯಿತು.

ಖಾತೆ ದೆಹಲಿಯಲ್ಲಿರುವುದರಿಂದ ಅಂಥ ತೊಂದರೆಯಿಲ್ಲ. ಇಂದಿನ ಬ್ಯಾಂಕು ವ್ಯವಹಾರದಲ್ಲಿ ದೆಹಲಿಯೂ ಒಂದೇ, ಸರಗೂರೂ ಒಂದೇ. ಕೊನೆಯ ನಿಯಮ ಮಾತ್ರ ಕಾಡಿನ ಆಸ್ಪತ್ರೆಗಳಿಗೆ ನೇರವಾಗಿ ತಟ್ಟಿತು. ಮೊದಲು ಮಹಾನಗರದ ದೊಡ್ಡ ಸಂಸ್ಥೆಯೊಂದು ಪರದೇಶದಿಂದ ಹಣ ಪಡೆದು, ಅದನ್ನು ಇಂಗ್ಲಿಷಿನಲ್ಲಿ ಅರ್ಜಿ ಬರೆಯಲಾರದ ಹತ್ತಾರು ಚಿಕ್ಕ ಸಂಸ್ಥೆಗಳಿಗೆ ಹಂಚಬಹುದಾಗಿತ್ತು. ಈಗ ಪ್ರತಿಯೊಂದು ಚಿಕ್ಕ ಸಂಸ್ಥೆಯೂ ತಾನೇ ನೋಂದಣಿ ಪಡೆಯಬೇಕು. ಅದಕ್ಕೆ ಹಿಂದಿನ ಮೂರು ವರ್ಷಗಳಲ್ಲಿ ಕನಿಷ್ಠ 15 ಲಕ್ಷ ರೂಪಾಯಿ ಸೇವಾಕಾರ್ಯಕ್ಕೆ ವೆಚ್ಚ ಮಾಡಿರಬೇಕು. ಹಣ ಹಲವು ಕೈ ದಾಟಿದಂತೆಲ್ಲ ಅದರ ಜಾಡು ಮಸುಕಾಗುತ್ತದೆ ಎಂಬುದು ಸರ್ಕಾರದ ವಾದ. ಲೆಕ್ಕಪತ್ರ ಬಲ್ಲವರು ಆ ವಾದವನ್ನು ತಳ್ಳಿಹಾಕಲಾರರು. ವಿದೇಶೀ ಹಣದ ದುರುಪಯೋಗ ನಡೆದಿಲ್ಲವೆಂದು ಯಾರೂ ಹೇಳುವಂತಿಲ್ಲ. ಆದರೆ ಜಾಡು ಹಿಡಿಯಲು ಹೊರಟ ಬಲೆಯಲ್ಲಿ ಚಿಕ್ಕ ಮೀನುಗಳೇ ಹೆಚ್ಚಾಗಿ ಸಿಕ್ಕಿಬಿದ್ದವೆಂಬುದನ್ನೂ ಒಪ್ಪಲೇಬೇಕು. ದೊಡ್ಡವರಿಗೂ ಆತಂಕ ತಪ್ಪಲಿಲ್ಲ: ಮದರ್ ತೆರೇಸಾ ಅವರ ಮಿಷನರೀಸ್ ಆಫ್ ಚಾರಿಟಿಯ ನವೀಕರಣ 2021ರ ಡಿಸೆಂಬರಿನಲ್ಲಿ ನಿರಾಕರಣೆಯಾಗಿ, 2022ರ ಜನವರಿಯಲ್ಲಿ ಮರಳಿ ದೊರೆಯಿತು.

ಆಡಳಿತ ವೆಚ್ಚದ ವ್ಯಾಖ್ಯೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. 2011ರ ನಿಯಮಾವಳಿಯು ಆಡಳಿತ ವೆಚ್ಚಗಳನ್ನು ಪಟ್ಟಿ ಮಾಡುವಾಗ ವಾಹನಗಳನ್ನು ಓಡಿಸುವ ಮತ್ತು ದುರಸ್ತಿ ಮಾಡುವ ಖರ್ಚನ್ನೂ ಅದರಲ್ಲಿ ಸೇರಿಸಿತು. ಆಸ್ಪತ್ರೆಯ ವೈದ್ಯರ ಸಂಬಳದಂಥ, ಸಂಸ್ಥೆಯ ಉದ್ದೇಶಕ್ಕೆ ನೇರವಾಗಿ ಸಂಬಂಧಿಸಿದ ವೆಚ್ಚಗಳನ್ನು ಅದರಿಂದ ಬಿಡಲಾಗಿದೆ. ಹಾಗಾದರೆ ಹಾಡಿಗೆ ಹೋಗುವ ಜೀಪಿನ ಡೀಸೆಲ್ ಯಾವ ತಲೆಯಡಿಯಲ್ಲಿ ಬರಬೇಕು? ಜೀಪೇ ಆಸ್ಪತ್ರೆಯಾಗಿರುವಾಗ ಅದು ಚಿಕಿತ್ಸೆಯ ವೆಚ್ಚವೇ ಸರಿ ಎಂಬುದು ನ್ಯಾಯವಾದ ಮಾತು. ಆದರೆ ಅದನ್ನು ತೋರಿಸಿಕೊಡುವುದಕ್ಕೆ ಪ್ರತಿ ಪ್ರಯಾಣದ ದಾಖಲೆ ಬೇಕು: ಎಲ್ಲಿಗೆ ಹೋದದ್ದು, ಎಷ್ಟು ಕಿಲೋಮೀಟರು, ಎಷ್ಟು ರೋಗಿಗಳು. ಚಾಲಕನ ಕೈಯಲ್ಲಿರುವ ಆ ಮಾಸಿದ ಲಾಗ್‌ಬುಕ್ಕು ರೋಗಿಯ ಕೇಸುಕಾಗದದಷ್ಟೇ ಬೆಲೆಯುಳ್ಳದ್ದು.

ಈ ಕಾಯಿದೆ ಪುಣೆಯ ಕನ್ನಡ ಮನೆಗಳಿಗೆ ಸಂಬಂಧವಿಲ್ಲದ್ದೆಂದು ತಿಳಿಯಬಾರದು. ಕೊತ್ರೂಡಿನಲ್ಲಿಯೋ ಚಿಂಚವಾಡದಲ್ಲಿಯೋ ಇರುವ ಒಂದು ಕುಟುಂಬದ ಮಗ ಕ್ಯಾಲಿಫೋರ್ನಿಯಾದಲ್ಲಿ ದುಡಿಯುತ್ತಿದ್ದಾನೆಂದು ಇಟ್ಟುಕೊಳ್ಳೋಣ. ಅಜ್ಜನ ನೆನಪಿಗಾಗಿ ಕರ್ನಾಟಕದ ಕಾಡಿನ ಆಸ್ಪತ್ರೆಯೊಂದಕ್ಕೆ ಹಣ ಕೊಡಬೇಕೆಂಬ ಇಚ್ಛೆ ಅವನಿಗಿದೆ. ಅವನ ಬಳಿ ಇರುವುದು ಭಾರತದ ಪಾಸ್‌ಪೋರ್ಟಾದರೆ, ಸ್ವಂತ ಉಳಿತಾಯದಿಂದ, ಬ್ಯಾಂಕಿನ ಸಾಮಾನ್ಯ ಮಾರ್ಗವಾಗಿ ಕೊಟ್ಟ ಹಣ ವಿದೇಶೀ ವಂತಿಗೆ ಎನಿಸಿಕೊಳ್ಳುವುದಿಲ್ಲ. ಅವನು ಎಷ್ಟು ವರ್ಷದಿಂದ ಹೊರಗಿದ್ದರೂ ಚಿಂತೆಯಿಲ್ಲ. ಅವನು ಅಮೆರಿಕದ ಪೌರತ್ವವನ್ನು ಸ್ವೀಕರಿಸಿದ ದಿನದಿಂದ ಮಾತು ಬೇರೆ. ಕೈಯಲ್ಲಿ ಓ.ಸಿ.ಐ. ಕಾರ್ಡು ಇದ್ದರೂ, ಮಾತೃಭಾಷೆ ಕನ್ನಡವೇ ಆಗಿದ್ದರೂ, ಕಾಯಿದೆಯ ಕಣ್ಣಿಗೆ ಅವನು ವಿದೇಶೀ ಮೂಲ. ಆಗ ನೋಂದಣಿಯುಳ್ಳ ಸಂಸ್ಥೆಗೆ, ಅದರ ದೆಹಲಿಯ ಖಾತೆಗೇ ಹಣ ಹೋಗಬೇಕು.

ಅಣ್ಣನೊಬ್ಬ ಭಾರತದ ಪೌರ, ತಮ್ಮ ಅಮೆರಿಕದ ಪೌರ ಆಗಿರುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಒಂದೇ ಅಜ್ಜನ ಹೆಸರಿನಲ್ಲಿ ಇಬ್ಬರೂ ಒಂದೇ ಆಸ್ಪತ್ರೆಗೆ ಕಳಿಸಿದ ಹಣ ಎರಡು ಬೇರೆ ಖಾತೆಗಳಿಗೆ ಹೋಗಬೇಕು. ಇದನ್ನರಿಯದೆ ತಮ್ಮನ ಹಣ ಆಸ್ಪತ್ರೆಯ ಸಾಮಾನ್ಯ ಖಾತೆಗೆ ಬಂದುಬಿಟ್ಟರೆ ತೊಂದರೆಗೊಳಗಾಗುವುದು ದಾನಿಯಲ್ಲ, ಆಸ್ಪತ್ರೆ. ‘ಅಪ್ಪನ ಖಾತೆಗೆ ಕಳಿಸಿಬಿಡುತ್ತೇನೆ, ಅಪ್ಪ ಪುಣೆಯಿಂದ ಚೆಕ್ಕು ಕೊಡಲಿ’ ಎಂಬ ಸುಲಭೋಪಾಯವನ್ನು ಸೂಚಿಸುವವರುಂಟು. ವಿದೇಶೀ ಮೂಲದಿಂದ ನೇರವಾಗಿಯಾಗಲಿ, ಒಬ್ಬರ ಅಥವಾ ಹಲವರ ಮೂಲಕವಾಗಲಿ ಬಂದ ಹಣವನ್ನು ಮುಂದಕ್ಕೆ ಕೊಟ್ಟರೆ ಅದೂ ವಿದೇಶೀ ವಂತಿಗೆಯೇ ಎಂದು ಕಾಯಿದೆ ಸ್ಪಷ್ಟವಾಗಿ ಹೇಳಿರುವುದರಿಂದ, ಆ ದಾರಿ ದಾರಿಯಲ್ಲ. ಅಮೆರಿಕದಲ್ಲಿ ತೆರಿಗೆ ರಿಯಾಯಿತಿ ಬೇಕೆನ್ನುವವರು ಅಲ್ಲಿಯೇ ಮಾನ್ಯತೆ ಪಡೆದ ಧರ್ಮಸಂಸ್ಥೆಗೆ ಕೊಡಬೇಕಾಗುತ್ತದೆ. ಅದಕ್ಕಾಗಿಯೇ ಇಂಥ ಆಸ್ಪತ್ರೆಗಳ ಮಿತ್ರರು ಅಲ್ಲಿ ಸಂಘಗಳನ್ನು ಕಟ್ಟಿಕೊಳ್ಳುವುದು. ಆ ಸಂಘ ಇಲ್ಲಿಗೆ ಕಳಿಸುವ ಹಣ, ಸದಸ್ಯರ ಪಾಸ್‌ಪೋರ್ಟು ಯಾವುದೇ ಇರಲಿ, ವಿದೇಶೀ ವಂತಿಗೆಯೇ. ಆ ಹಣ ಬ್ಯಾಂಕಿನಲ್ಲಿದ್ದಾಗ ಹುಟ್ಟುವ ಬಡ್ಡಿಯೂ ಅದೇ ಲೆಕ್ಕಕ್ಕೆ ಸೇರುತ್ತದೆ.

ಇಲ್ಲಿಯೇ ನೆಲೆಸಿ, ಇಲ್ಲಿಯೇ ದುಡಿದ ಭಾರತೀಯನು ಕೊಡುವ ರೂಪಾಯಿಗೆ ಈ ಯಾವ ಕಟ್ಟಳೆಯೂ ಅನ್ವಯಿಸದು. ಅದು ದೆಹಲಿಗೆ ಹೋಗಬೇಕಾಗಿಲ್ಲ. ನೂರಕ್ಕೆ 20ರ ಮಿತಿ ಅದಕ್ಕಿಲ್ಲ. ಅದನ್ನು ಒಂದು ಟ್ರಸ್ಟು ಇನ್ನೊಂದಕ್ಕೆ ಕೊಡುವುದಕ್ಕೂ ಈ ಕಾಯಿದೆಯ ಅಡ್ಡಿಯಿಲ್ಲ. ಪರದೇಶದ ದಾನಿ ಕಟ್ಟಡ, ಯಂತ್ರ, ವಾಹನಗಳನ್ನು ಕೊಟ್ಟಿರುವಲ್ಲಿ ಅವುಗಳನ್ನು ಓಡಿಸುವ ಹಣ ಈ ರೂಪಾಯಿಯಿಂದಲೇ ಬರುವುದು ಹೆಚ್ಚು ಸರಳ. ಕೊಡುವವರು ತಮ್ಮ ಪತ್ರದಲ್ಲಿ ಉದ್ದೇಶವನ್ನು ನಮೂದಿಸುವುದು ಒಳ್ಳೆಯದು. ‘ಮೂಲಧನಕ್ಕೆ’ ಎಂದು ಬರೆದರೆ ಸಂಸ್ಥೆ ಅದನ್ನು ಠೇವಣಿಯಾಗಿಟ್ಟು ಬಡ್ಡಿಯನ್ನಷ್ಟೇ ಬಳಸುತ್ತದೆ. ‘ಚಾಲ್ತಿ ವೆಚ್ಚಕ್ಕೆ’ ಎಂದು ಬರೆದರೆ ಈ ತಿಂಗಳೇ ಡೀಸೆಲ್ಲಾಗುತ್ತದೆ. ಏನನ್ನೂ ಬರೆಯದ ಹಣವನ್ನು ಯಾವ ತಲೆಗೆ ಹಾಕಬೇಕೆಂದು ಗುಮಾಸ್ತನು ಯೋಚಿಸುತ್ತ ಕೂರಬೇಕಾಗುತ್ತದೆ. 80ಜಿ ಎಂದು ಜನ ಬಲ್ಲ ರಿಯಾಯಿತಿ ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ ದೊರೆಯುತ್ತದೆ. ಅದು ಬೇಕಾದವರು 2,000 ರೂಪಾಯಿಗಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಕೊಡದೆ ಚೆಕ್ಕಿನಲ್ಲಿ ಅಥವಾ ಬ್ಯಾಂಕಿನ ವರ್ಗಾವಣೆಯಲ್ಲಿ ಕೊಡಬೇಕು, ಪ್ಯಾನ್ ಸಂಖ್ಯೆಯನ್ನು ತಿಳಿಸಬೇಕು. ವರ್ಷ ಮುಗಿದ ಬಳಿಕ ಸಂಸ್ಥೆಯಿಂದ ಬರುವ ಪ್ರಮಾಣಪತ್ರವನ್ನು ರಸೀದಿಯೊಡನೆ ಜೋಪಾನವಾಗಿಡಬೇಕು.